ನಾಲ್ಕು ಗಂಟೆಯ ಸೈರನ್

ಸಂಜೆ ನಾಲ್ಕಕ್ಕೆ ಜಲಾಶಯದ ವಿದ್ಯುದಾಗಾರದಿಂದ ನೀರು ಬಿಟ್ಟರು. ನಾಲ್ಕೂ ಹತ್ತಕ್ಕೆ ಕೆಳಗೆ ನದಿಯಲ್ಲಿ ಈಜುತ್ತಿದ್ದ ಏಳು ಮಂದಿ ಕೊಚ್ಚಿಹೋದರು. ವಿಹಾರದ ದೋಣಿಯವರು ಹಗ್ಗ ಎಸೆದು ಏಳೂ ಜನರನ್ನು ದಡಕ್ಕೆಳೆದರು. ಒಬ್ಬನ ಕಾಲು ಮುರಿದಿತ್ತು. ಸೈರನ್ ಕೂಗಲೇ ಇಲ್ಲ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು.

ಐದಕ್ಕೆ ಸೈರನ್ ಕಾವಲಿನವನನ್ನು ಎಂಜಿನಿಯರ್ ಕರೆಸಿದರು. ಇಪ್ಪತ್ತು ವರ್ಷ ಟರ್ಬೈನ್ ಪಕ್ಕ, ಹತ್ತು ವರ್ಷ ಸೈರನ್ ಕೋಣೆ. ನಿವೃತ್ತಿಗೆ ಇನ್ನು ಐದೇ ತಿಂಗಳು. ಎಂಜಿನಿಯರರ ಮೀಸೆಯ ಕೆಳಗೇ ದೃಷ್ಟಿ ನೆಟ್ಟು ನಿಂತ. ಕಣ್ಣಿಗೆ ಕಣ್ಣು ಕೊಡಲಾರದವನು ತಪ್ಪಿತಸ್ಥನೇ ಎಂದುಕೊಂಡ ಗುಮಾಸ್ತ.

"ನಿದ್ದೆ ಹೊಡೀತಿದ್ರಾ?"

"ಗುಂಡಿ ಒತ್ತಿದ್ದೆ ಸಾರ್. ನನ್ನ ಮಕ್ಕಳಾಣೆ."

"ಯಾರೂ ಮೇಲೆ ಬರ್ಲಿಲ್ವಲ್ಲ. ಕಿಟಕಿಯಿಂದ ನೋಡ್ಲಿಲ್ವಾ?"

ನೋಡಿದ್ದ. ಅದೇ ಅವನನ್ನು ಸುಡುತ್ತಿತ್ತು. ದಿನವೂ ಗುಂಡಿ ಒತ್ತಿ, ಜನ ದಡ ಹತ್ತಿದ್ದನ್ನು ಕಂಡ ಮೇಲೆಯೇ ನೀರು ಬಿಡಲು ಹಸಿರು ದೀಪ ಹಾಕುತ್ತಿದ್ದ. ಇಂದು ಯಾರೂ ಅಲುಗಲಿಲ್ಲ. ಈಗಿನವರಿಗೆ ಸೈರನ್ ಅಂದರೆ ಲೆಕ್ಕಕ್ಕೇ ಇಲ್ಲ ಎಂದು ಬೈದುಕೊಂಡು, ಕಾದು ಕಾದು, ದೀಪ ಹಾಕಿಬಿಟ್ಟಿದ್ದ.

ಎಲೆಕ್ಟ್ರಿಷಿಯನ್ ತಂತಿಯ ತುಂಡೊಂದನ್ನು ತಂದು ಮೇಜಿನ ಮೇಲಿಟ್ಟ. "ಇಲಿ ಕಡಿದಿದೆ ಸಾರ್. ತುದಿ ಹಸಿರುಗಟ್ಟಿದೆ, ತಿಂಗಳಾದ್ರೂ ಆಗಿರ್ಬೇಕು. ಟರ್ಬೈನ್ ಸದ್ದಲ್ಲಿ ಒಳಗಿರೋ ನಮಗೆ ಹೇಗೆ ಗೊತ್ತಾಗುತ್ತೆ?"

"ಹಾಗಾದ್ರೆ ತಿಂಗಳಿಂದ ಜನ ಯಾವ ಸದ್ದು ಕೇಳಿ ಮೇಲೆ ಬರ್ತಿದ್ರು?"

ಬಾಗಿಲಲ್ಲಿ ಕಾವಲಿನವನ ಹೆಂಡತಿ ನಿಂತಿದ್ದಳು. ಈಜುವವರ ಬಟ್ಟೆ, ಚಪ್ಪಲಿ ಕಾಯುವುದು ಅವಳ ಕೆಲಸ. ಇಂದು ಹಲ್ಲು ಕೀಳಿಸಲೆಂದು ರಜೆ ಹಾಕಿದ್ದಳು, ಕೆನ್ನೆ ಊದಿತ್ತು. ಚೀಲದಿಂದ ಸೀಟಿಯೊಂದನ್ನು ತೆಗೆದು ತಂತಿಯ ಪಕ್ಕ ಇಟ್ಟಳು.

"ಕಿಟಕೀಲಿ ಇವರ ತಲೆ ಕಂಡ ಕೂಡ್ಲೇ ನಾನೇ ಊದ್ತಿದ್ದೆ."

ಅವನು ಆ ಸೀಟಿಯನ್ನು ಈಗಷ್ಟೇ ಮೊದಲ ಸಲ ಕಂಡವನಂತೆ ನೋಡಿದ.

"ಗೊತ್ತಿದ್ದೂ ಗಂಡ ಹೆಂಡ್ತಿ ಬಾಯಿ ಮುಚ್ಕೊಂಡಿದ್ರಾ? ಒಂದು ಮಾತು ಹೇಳೋಕೆ ಏನಾಗಿತ್ತಮ್ಮ?"

"ಕೆಟ್ಟಿದ್ದು ಸೈರನ್ ಒಂದೇ ಆಗಿದ್ರೆ ಹೇಳ್ತಿದ್ದೆ ಸಾರ್." ನಾಚಿಕೆಯಿಂದ ಅವಳ ದನಿ ಕುಗ್ಗಿತು.

ಇಬ್ಬರದೂ ಕರ್ತವ್ಯಲೋಪ ಎಂದು ಗುಮಾಸ್ತ ಬರೆದುಕೊಂಡ. ಕಾವಲಿನವನು ಅದಕ್ಕೆ ಸಹಿ ಹಾಕಿದ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಹೊಸ ತಂತಿ ಹಾಕಿ ಸೈರನ್ ಪರೀಕ್ಷಿಸಿದರು. ಕಂಬದ ಮೇಲಿನ ಪಾರಿವಾಳಗಳು ಒಮ್ಮೆಲೇ ಹಾರಿಹೋದವು. ಎಂಜಿನಿಯರ್ ಎರಡೂ ಕಿವಿ ಮುಚ್ಚಿಕೊಂಡರು.

ಕಂಬದ ಬುಡದಲ್ಲೇ ನಿಂತಿದ್ದ ಕಾವಲಿನವನು ನದಿಯತ್ತ ನೋಡುತ್ತಲೇ ಕೇಳಿದ: "ಇನ್ನೂ ಯಾಕೆ ಒತ್ತಿಲ್ಲ ಸಾರ್?"