ಆದೀತು

“ಅವರ ಹತ್ತಿರ ಏನಂದೆ ನೀನು, ಅಷ್ಟು ಹೇಳು ಸಾಕು,” ಎಂದಳು ಅಕ್ಕ. ಬಾಗಿಲು ತಟ್ಟದೆ ನೇರ ಒಳಗೆ ಬಂದಿದ್ದಳು. ಬಸ್ ಕಂಪನಿಯ ಐಡಿ ಕಾರ್ಡ್ ಇನ್ನೂ ಕೊರಳಲ್ಲೇ ಇತ್ತು. ಯಾವುದೋ ಬ್ಯಾಂಕಿನ ಮುಂದಿನ ಇಪ್ಪತ್ತು ವರ್ಷಗಳನ್ನು ಬಿಳಿ ಹಲಗೆಯ ಮೇಲೆ ಕವಲು ಕವಲಾಗಿ ಬರೆಯುತ್ತಿದ್ದ ತಮ್ಮ, ಪೆನ್ನಿಗೆ ಮುಚ್ಚಳ ಹಾಕಿದ.

“ಯಾರ ಹತ್ತಿರ?”

“ನಮ್ಮ ಮ್ಯಾನೇಜರ್ ಹತ್ತಿರ. ನಮ್ಮ ವಿಚಾರಣೆ ವಿಭಾಗ ಮುಚ್ತಾರಂತೆ. ಇನ್ನು ಜನ ಫೋನ್ ಮಾಡಿ ಬಸ್ ಎಷ್ಟೊತ್ತಿಗೆ ಅಂತ ಕೇಳಿದ್ರೆ ಮೆಷಿನ್ನೇ ಉತ್ತರ ಕೊಡುತ್ತಂತೆ. ಸಲಹೆಗಾರರು ಒಪ್ಪಿದ್ದಾರೆ ಅಂದ್ರು. ಯಾರಪ್ಪಾ ಆ ಪುಣ್ಯಾತ್ಮ ಅಂತ ಕೇಳಿದ್ರೆ, ನಿನ್ನ ಹೆಸರು.”

ಹೊಸ ಯಂತ್ರ ಬಂದರೆ ಜನರ ಬದುಕು ಏನಾಗುತ್ತದೆ ಎಂದು ಕಂಪನಿಗಳಿಗೆ ಹೇಳುವುದು ಅವನ ಕಸುಬು. ವಿಸಿಟಿಂಗ್ ಕಾರ್ಡಿನಲ್ಲಿ ಫ್ಯೂಚರಿಸ್ಟ್ ಎಂದಿತ್ತು. ಅಕ್ಕನ ಬಾಯಲ್ಲಿ ಅವನು ಕಂಪ್ಯೂಟರ್ ಜೋಯಿಸ. ಜೋಯಿಸರಾದರೂ ಮದುವೆ ಆಗುತ್ತದೆ, ಮಗು ಆಗುತ್ತದೆ ಎಂದು ಹೇಳಿ ಒಮ್ಮೊಮ್ಮೆ ಸಿಕ್ಕಿಬೀಳುತ್ತಾರೆ. ಇವನು ಅಷ್ಟು ದಡ್ಡನಲ್ಲ. ಆಗುತ್ತದೆ ಎಂದರೆ ಆಗದಿದ್ದಾಗ ಹಿಡಿದು ಕೇಳುತ್ತಾರೆ, ಆಗುವುದಿಲ್ಲ ಎಂದರೆ ಆದಾಗ ನಗುತ್ತಾರೆ. ಆದೀತು ಎಂದವನನ್ನು ಯಾರೂ ಏನೂ ಮಾಡಲಾರರು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಇಂಥ ಒಂದು ಮಾತನ್ನು ನಂಬಿಕೊಂಡೇ ಅವನು ಇಷ್ಟು ದೊಡ್ಡ ಹೆಸರು ಮಾಡಿದ್ದ.

“ನಾನು ಒಪ್ಪಲಿಲ್ಲ ಅಕ್ಕ. ಮೆಷಿನ್ ಇಟ್ಟು ವಿಭಾಗ ಮುಚ್ಚಬಹುದಾ ಅಂತ ಕೇಳಿದ್ರು. ಆದೀತು ಅಂದೆ. ಅಂದ್ರೆ, ಮುಂದೆ ಯಾವತ್ತಾದ್ರೂ ಹಾಗಾಗೋ ಸಾಧ್ಯತೆ ಇದೆ ಅಂತ.”

ಅಕ್ಕ ಅವನ ಮುಖವನ್ನೇ ನೋಡಿದಳು. “ಅಂಗಡಿಯವನಿಗೆ ಸ್ವಲ್ಪ ಕಡಿಮೆ ಮಾಡ್ಕೊಳ್ಳಪ್ಪಾ ಅಂತೀವಿ. ಅವನು ಆದೀತು ಅಂದ್ರೆ ಏನರ್ಥ?”

“ಆಯ್ತು ಅಂತ.”

“ನಮ್ಮ ಮ್ಯಾನೇಜರೂ ಹಾಗೇ ತಿಳ್ಕೊಂಡ್ರು.”

ಅವನು ಕುರ್ಚಿ ಎಳೆದು ಕೊಟ್ಟ. ಅವಳು ಕೂರಲಿಲ್ಲ. ಬಸ್ ಕಂಪನಿಯಲ್ಲಿ ನಡೆದ ಆ ಸಭೆ ನೆನಪಾಗಿ ಅವನ ಕಿವಿ ಬಿಸಿಯಾಯಿತು. ಆ ಮಾತು ಬಾಯಿಂದ ಬಿದ್ದದ್ದೇ ತಡ, ಮೇಜಿನ ಸುತ್ತ ಕೂತವರ ಮುಖಗಳೆಲ್ಲ ಅರಳಿದ್ದವು. ಒಬ್ಬರಂತೂ ಎದ್ದು ಬಂದು ಕೈ ಕುಲುಕಿದ್ದರು. ಬರೀ ಸಾಧ್ಯತೆ ಹೇಳಿದವನ ಕೈಯನ್ನು ಯಾರೂ ಹಾಗೆ ಕುಲುಕುವುದಿಲ್ಲ ಎಂದು ಅವನಿಗೆ ಆಗಲೇ ಅನ್ನಿಸಿತ್ತು. ತಿದ್ದಿ ಹೇಳಬಹುದಿತ್ತು. ಅಷ್ಟರಲ್ಲಿ ಅವರು ಮುಂದಿನ ವರ್ಷವೂ ನೀವೇ ಸಲಹೆಗಾರರು ಎಂದರು, ಇವನು ಸುಮ್ಮನಾದ.

“ಹೋಗ್ಲಿ ಬಿಡು, ಅದು ಅವರ ವಿಷಯ,” ಎಂದಳು ಅಕ್ಕ. “ಹೋದ ವರ್ಷ ಶಾಲೆ ಆಫೀಸಲ್ಲಿ ಕೆಲಸ ಇದೆ ಬಾ ಅಂತ ನನ್ನನ್ನ ಕರೆದಿದ್ರು. ನಿನ್ನನ್ನೇ ಕೇಳಿದೆ, ಈಗಿರೋ ಕೆಲಸ ಉಳಿಯುತ್ತೇನೋ ಅಂತ. ಏನಂದೆ ಆಗ?”

“ಉಳಿದೀತು ಅಂದೆ.”

“ನಾನು ಉಳಿಯುತ್ತೆ ಅಂತ ಕೇಳಿಸ್ಕೊಂಡೆ. ನಿಮ್ಮ ಭಾವನೂ ಇದೇ ಕಂಪನಿ ಬಸ್ ಓಡಿಸ್ತಾರೆ, ಇಬ್ಬರೂ ಒಟ್ಟಿಗೆ ಹೋಗಿ ಬರಬಹುದಲ್ಲ ಅಂತ ಶಾಲೆಯವರಿಗೆ ಬೇಡ ಅಂದೆ.” ಅವಳ ದನಿ ಏರಲಿಲ್ಲ. ದಿನವಿಡೀ ಫೋನಿನಲ್ಲಿ ಬೈಸಿಕೊಂಡೂ ತಾಳ್ಮೆಯಿಂದ ಮಾತಾಡಿ ರೂಢಿಯಾಗಿತ್ತು. “ಅಡ್ಡಗೋಡೆ ಮೇಲೆ ದೀಪ ಇಡೋದನ್ನ ಹೊರಗಿನವರ ಹತ್ತಿರ ಇಟ್ಕೋ. ಅಕ್ಕನ ಹತ್ತಿರವೂ ಅದೇನಾ? ನಿಜ ಹೇಳು. ಆಗ್ಲೇ ಗೊತ್ತಿತ್ತಾ ನಿನಗೆ?”

ಗೊತ್ತಿತ್ತು. ಅಂಥ ಮೆಷಿನ್ನು ಮಾತಾಡುವುದನ್ನು ಅವನು ಬೇರೊಂದು ಕಂಪನಿಯಲ್ಲಿ ಕೂತು ಕೇಳಿದ್ದ.

“ಗೊತ್ತಿತ್ತು. ನಿನ್ನ ಕೆಲಸ ಉಳಿಯಲ್ಲ ಅಕ್ಕ. ನಿನ್ನ ಮುಖ ಸಣ್ಣಗಾಗೋದನ್ನ ನೋಡೋಕಾಗಲ್ಲ ಅಂತ ಆವತ್ತು ಹೇಳಲಿಲ್ಲ.”

ಅಕ್ಕ ಈಗ ಕೂತಳು. “ಈಗ ನೋಡು,” ಎಂದಳು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಅದೇ ಮ್ಯಾನೇಜರ್. ಅಕ್ಕ ಹೆಸರು ಓದಿ, “ತಗೋ,” ಎಂದಳು. ಅವನು ಸ್ಪೀಕರ್ ಹಾಕಿದ.

“ಸರ್, ಮೀಟಿಂಗ್‌ನಲ್ಲಿದ್ದೀವಿ. ನಿಮ್ಮಿಂದ ಒಂದೇ ಒಂದು ಮಾತು ಬೇಕಿತ್ತು. ಡ್ರೈವರ್ ಇಲ್ಲದೆ ತಾನೇ ಓಡೋ ಬಸ್ಸು ನಮ್ಮ ರಸ್ತೆಗಳಿಗೆ ಆಗುತ್ತಾ? ನೀವು ಹೂಂ ಅಂದ್ರೆ ಈ ವರ್ಷದಿಂದಲೇ ಡ್ರೈವರ್‌ಗಳನ್ನ ಕಡಿಮೆ ಮಾಡ್ತಾ ಬರ್ತೀವಿ.”

ಅಭ್ಯಾಸಬಲದಿಂದ ಅವನ ಬಾಯಿ ‘ಆ’ ಎಂದು ತೆರೆದುಕೊಂಡಿತು. ಎದುರಿಗೆ ಅಕ್ಕ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಅವನ ಕಡೆ ನೋಡುತ್ತಿರಲಿಲ್ಲ.

“ಈಗ ಆಗೋದಿಲ್ಲ,” ಎಂದ. “ಮುಂದೆ ಆಗುತ್ತೆ, ಹದಿನೈದು ವರ್ಷ ಹಿಡಿಯುತ್ತೆ. ಅದಕ್ಕೆ ಮುಂಚೆ ಒಬ್ಬ ಡ್ರೈವರನ್ನ ತೆಗೆದ್ರೂ ತಪ್ಪು ಮಾಡ್ತೀರಿ. ನಾನೇ ಹೇಳಿದ್ದು ಅಂತ ಬರ್ಕೊಳ್ಳಿ. ಇನ್ನೊಂದು, ವಿಚಾರಣೆ ವಿಭಾಗ ಮುಚ್ಚೋಕೆ ನಾನು ಒಪ್ಪಿಗೆ ಕೊಟ್ಟಿರಲಿಲ್ಲ. ಮೆಷಿನ್ ಆ ಕೆಲಸ ಮಾಡುತ್ತೆ, ಅದು ನಿಜ. ಆದ್ರೆ ಅಲ್ಲಿರೋರಿಗೆ ಬೇರೆ ಕೆಲಸ ಕೊಡದೆ ಮುಚ್ಚಬಾರದು. ಅದನ್ನೂ ಬರ್ಕೊಳ್ಳಿ.”

ಮುಂದಿನ ವರ್ಷದ ಕೆಲಸ ಕೈಬಿಟ್ಟು ಹೋದದ್ದು ಅವನಿಗೆ ಯಾರೂ ಹೇಳದೆಯೇ ತಿಳಿಯಿತು. ಆ ಕಡೆ ಮ್ಯಾನೇಜರ್ ಮೆಲ್ಲಗೆ ನಕ್ಕರು. “ಏನ್ ಸರ್, ಇವತ್ತು ಮಾತಿನ ಧಾಟಿನೇ ಬೇರೆ ಇದೆ. ಪಕ್ಕದಲ್ಲಿ ಯಾರಾದ್ರೂ ಕೂತಿದ್ದಾರಾ?”

“ಕೂತಿದ್ದಾರೆ,” ಎಂದ ಅವನು. “ಮೊದಲ ದಿನದಿಂದ್ಲೇ ಕೂರಿಸ್ಕೋಬೇಕಿತ್ತು.”