ಕಾರೈಕುಡಿಯ ಬೀಗದ ಕೈ

ಗಂಡ ಅಚ್ಯುತನ ಉತ್ತರಕ್ರಿಯೆ ಮುಗಿದ ಮರುದಿನ ಬೆಳಗ್ಗೆ ಹಂಸಾ ಗೇಣುದ್ದದ ಕಬ್ಬಿಣದ ಬೀಗದ ಕೈ ಹಿಡಿದು ಪಕ್ಕದ ಮನೆ ಬಾಗಿಲಲ್ಲಿ ನಿಂತಳು. ಬೆಂಗಳೂರಿನಲ್ಲಿ ಬೆಳೆದ ಆ ಮನೆಯ ಮೀನಾಳ್ ಆಂಟಿಗೆ, ಗಂಡನ ಕಡೆಯಿಂದ ತಮಿಳುನಾಡಿನ ಕಾರೈಕುಡಿಯ ಅರಮನೆಯಂಥ ಮನೆಯಲ್ಲಿ ಪಾಲಿಗೆ ಬಂದ ಕೋಣೆಯ ಬೀಗದ ಕೈ ಅದು. ಚೆಟ್ಟಿಯಾರ್ ವರ್ತಕರ ಆ ಮನೆಗಳನ್ನೂ ಸುತ್ತಲಿನ ಗುಡಿಗಳನ್ನೂ ಹಂಸಾಳ ಜೊತೆ ನೋಡಬೇಕೆಂದು ಅಚ್ಯುತ ಅದನ್ನು ಕೇಳಿ ತಂದಿದ್ದ; ಹೋಗುವುದು ಆಗಲೇ ಇಲ್ಲ. ಈಗ ಆಂಟಿಯ ಮಗಳ ಮದುವೆ. ಆ ಕೋಣೆ ತೆರೆದು ದೀಪ ಹಚ್ಚದೆ ಶಾಸ್ತ್ರ ಶುರುವಾಗುವಂತಿಲ್ಲ.

ಒಳಗೆ ಸೋಫಾ ತುಂಬ ಧಾರೆ ಸೀರೆಗಳು. ಗಂಡ ಸತ್ತವಳ ಕೈಯಿಂದ ಹೇಗೆ ತಗೊಂಡಾರು ಎಂದು ಹಂಸಾ ಬೀಗದ ಕೈಯನ್ನು ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ತಿರುಗಿದಳು.

"ಎತ್ತಿಕೋ ಅದನ್ನ." ಆಂಟಿಯ ದನಿ ಗಡುಸಾಗಿತ್ತು.

ಹಂಸಾ ಎತ್ತಿಕೊಂಡಳು.

"ಮನೆ ಕೀ ಚಪ್ಪಲಿ ಮೇಲಿಡ್ತಾರೇನೇ? ವಳ್ಳಿ, ಬಾ ಇಲ್ಲಿ. ಎರಡೂ ಕೈ ಚಾಚಿ ಅಕ್ಕನ ಹತ್ರ ಇಸ್ಕೋ."

ಮದುಮಗಳು ಕೈ ಚಾಚಿದಳು. ಹಂಸಾ ಆ ಅಂಗೈಗಳಲ್ಲಿ ಬೀಗದ ಕೈ ಇಟ್ಟಳು.