ಬ್ಲಾಕ್ ತುಂಬಿದೆ, ಸಾರ್

"ಬಾಗಿಲು ಹಾಕ್ಕೊಳ್ಳಮ್ಮ. ಯಾರಿಗಾದ್ರೂ ಬಾಯಿಬಿಟ್ರೆ ಇವತ್ತೇ ಜೈಲು."

ವಿಡಿಯೊ ಕರೆಯಲ್ಲಿ ಖಾಕಿ ಅಂಗಿಯೂ ಮೇಜಿನ ಮೇಲಿನ ಲಾಠಿಯೂ ಕಾಣುತ್ತಿದ್ದವು, ಮುಖ ಕಾಣುತ್ತಿರಲಿಲ್ಲ. ವೈಜಯಂತಿಯ ಹೆಸರಿಗೆ ಬಂದ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆಯಂತೆ. ತನಿಖೆ ಮುಗಿಯುವವರೆಗೆ ಅವಳ ಬಿಟ್‌ಕಾಯಿನ್ ಅಷ್ಟೂ ಇಲಾಖೆಯ ವಶದಲ್ಲಿರಬೇಕಂತೆ. ಅವಳು ಹೆದರಿ ಎಲ್ಲವನ್ನೂ ಕಳಿಸಿಬಿಟ್ಟಿದ್ದಳು.

"ಎಲ್ಲಿ? ಬಂದೇ ಇಲ್ವಲ್ಲ!" ಲಾಠಿ ಮೇಜಿಗೆ ಬಡಿಯಿತು.

"ಕಳಿಸಿದೀನಿ ಸಾರ್, ದೇವ್ರಾಣೆ! ವ್ಯವಹಾರ ದಾಖಲಾಗೋ ಬ್ಲಾಕ್ ತುಂಬಿದೆ. ಬಸ್ಸಿದ್ದ ಹಾಗೆ ಸಾರ್, ಸೀಟು ಇಷ್ಟೇ ಅಂತ ಮಿತಿ ಇದೆ. ನನ್ನದಿನ್ನೂ ಕ್ಯೂನಲ್ಲಿದೆ. ಬಸ್ಸು ಹತ್ತೋವರೆಗೂ ನಿಮಗೆ ಸೇರಲ್ಲ."

"ದೊಡ್ಡ ಬಸ್ಸು ಬಿಡೋಕೇನು ರೋಗ?"

"ದೊಡ್ಡದಾದ್ರೆ ದೊಡ್ಡ ಕಂಪನಿಗಳು ಮಾತ್ರ ಓಡಿಸ್ತಾವೆ ಸಾರ್. ನಮ್ಮಂಥವರ ಕಂಪ್ಯೂಟರ್ ಅಷ್ಟು ಭಾರ ತಡೆಯಲ್ಲ." ಹೆದರಿಕೆಯಲ್ಲೂ ಬಾಯಿಗೆ ಬಂದದ್ದು ಬಿಟ್‌ಕಾಯಿನ್ ಬಳಗದಲ್ಲಿ ಅವಳು ಯಾವಾಗಲೂ ಹೂಡುತ್ತಿದ್ದ ಹಳೆಯ ವಾದ.

"ತಡೆಯತ್ತೆ ಕಣೇ!" ಗೊಗ್ಗರು ದನಿ ಇದ್ದಕ್ಕಿದ್ದಂತೆ ಕೀಚಲಾಯಿತು. "ಬಳಗದ ಭಾನುವಾರದ ಚರ್ಚೆಯಲ್ಲೂ ಇದನ್ನೇ ಒದರಿ ಎಲ್ಲರೆದುರು ನನ್ನ ಸೋಲಿಸ್ದೆ. ಈಗ ನೋಡು, ಎಷ್ಟೊತ್ತು ಕಾಯ್ಬೇಕು!"

ಲಾಠಿ ಮೇಜಿನಿಂದ ಉರುಳಿ ಕೆಳಗೆ ಬಿತ್ತು.

ವೈಜಯಂತಿ ತಕ್ಷಣ ಬಿಟ್‌ಕಾಯಿನ್ ಆ್ಯಪ್ ತೆರೆದಳು. ಕ್ಯೂನಲ್ಲಿದ್ದ ವ್ಯವಹಾರದ ಕೆಳಗೆ 'ರದ್ದು' ಎಂಬಲ್ಲಿ ಒತ್ತಿದಳು.

"ಬಸ್ಸು ಹತ್ತೋಕೆ ಮುಂಚೆ ಟಿಕೆಟ್ ಕ್ಯಾನ್ಸಲ್ ಮಾಡಬಹುದು ಕಣೋ, ಮುಕುಂದ."